ದಾರದ ಇನ್ನೊಂದು ತುದಿ

ಬಸ್ಸಿನ ಟಿಕೇಟು ಕೈಗೆ ಬಂದ ಕೂಡಲೇ ಅದರ ಕೊನೆಯ ಅಂಕಿ ನೋಡದೆ ನನಗೆ ಸೀಟಿನಲ್ಲಿ ಸಮಾಧಾನವಾಗಿ ಕೂರಲಾಗುವುದಿಲ್ಲ. ಸರಿಯೋ ಬೆಸವೋ ಎಂದು ನೋಡಬೇಕು. ನೋಡಿದ್ದರಿಂದ ಬಸ್ಸು ಬೇಗ ಹೋಗುವುದಿಲ್ಲ, ಪಕ್ಕದವರು ಕಿಟಕಿಯ ಜಾಗ ಬಿಟ್ಟುಕೊಡುವುದೂ ಇಲ್ಲ. ಆದರೂ ನೋಡುತ್ತೇನೆ. ಮದುವೆ ಮನೆಯಲ್ಲಿ ಪಂಕ್ತಿಗೆ ಎಷ್ಟು ಎಲೆ ಹಾಕಿದ್ದಾರೆ, ಆಸ್ಪತ್ರೆಗೆ ಎಷ್ಟು ಮೆಟ್ಟಿಲು, ಡಬ್ಬಿಯಲ್ಲಿ ಉಳಿದ ಶೇಂಗಾ ಉಂಡಿ ಎಷ್ಟು, ಎಲ್ಲಕ್ಕೂ ಇದೇ ಪ್ರಶ್ನೆ. ಉಂಡಿ ಬೆಸ ಇದ್ದರೆ ಒಂದನ್ನು ತಿಂದು ಸರಿ ಮಾಡುತ್ತೇನೆ; ಸರಿ ಇದ್ದರೆ ಎರಡು ತಿನ್ನುತ್ತೇನೆ. ನನ್ನ ಸಕ್ಕರೆ ಕಾಯಿಲೆಯ ಡಾಕ್ಟರು ಈ ಗಣಿತವನ್ನು ಇನ್ನೂ ಒಪ್ಪಿಲ್ಲ.

ಈ ಚಟ ಅಂಟಿದ್ದು ಬಿಜಾಪುರದ ಅಂಚಿನ ಇಬ್ರಾಹಿಂಪುರದಲ್ಲಿ. ನಮ್ಮದು ರೈಲು ಹಳಿಯ ಪಕ್ಕದ ಮನೆ. ಅಪ್ಪ ರೈಲ್ವೆಯಲ್ಲಿ ಸಿಗ್ನಲ್ ದೀಪಗಳನ್ನು ಒರೆಸಿ ಎಣ್ಣೆ ಹಾಕುವ ಕೆಲಸದಲ್ಲಿದ್ದರು. ಗೂಡ್ಸ್ ಗಾಡಿ ಬಂದರೆ ನಾನೂ ಅಕ್ಕನೂ ಅಂಗಳದಲ್ಲಿ ನಿಂತು ಡಬ್ಬಿ ಎಣಿಸುವುದು. ಗಾಡಿ ಬರುವ ಮೊದಲೇ ಸರಿಯೋ ಬೆಸವೋ ಎಂದು ಪಣ ಕಟ್ಟುವುದು. ಗಾಡಿ ಇಲ್ಲದ ಹೊತ್ತಿನಲ್ಲಿ ಹುಣಸೆಬೀಜ. ಒಬ್ಬರು ಮುಷ್ಟಿಯಲ್ಲಿ ಬೀಜ ಮುಚ್ಚಿಟ್ಟುಕೊಂಡು ಕೇಳಬೇಕು, ಇನ್ನೊಬ್ಬರು ಹೇಳಬೇಕು. ಅಕ್ಕ ನಾನು ಹೇಳುವವರೆಗೂ ಕಾದು, ಮುಷ್ಟಿ ಬಿಚ್ಚುವಾಗ ಒಂದು ಬೀಜವನ್ನು ಲಂಗದ ನಿರಿಗೆಯೊಳಗೆ ಜಾರಿಸಿಬಿಡುತ್ತಿದ್ದಳು. ಅವಳು ಎದ್ದು ನಿಂತಾಗ ಟಪ್ಪೆಂದು ಬೀಳುತ್ತಿದ್ದ ಆ ಬೀಜದ ಸದ್ದು ನನ್ನ ಬಾಲ್ಯದ ಮುಖ್ಯ ಸದ್ದುಗಳಲ್ಲಿ ಒಂದು. ಒಂದೇ ಒಂದು ಬೀಜ ಆಚೀಚೆಯಾದರೆ ಇಡೀ ಆಟ ತಿರುಗಿಬೀಳುತ್ತದೆ ಎಂಬುದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಅಕ್ಕನ ಲಂಗದಿಂದ.

ಆದರೂ ಕಾಲೇಜಿಗೆ ಹೋದೆ, ಗಣಿತವನ್ನೇ ತೆಗೆದುಕೊಂಡೆ. ಎಪ್ಪತ್ತರ ದಶಕ. ಊರಿನ ಹೆಸರು ಇನ್ನೂ ಬದಲಾಗಿರಲಿಲ್ಲ, ನಾವೆಲ್ಲ ಬಿಜಾಪುರ ಎನ್ನುತ್ತಿದ್ದೆವು. ತರಗತಿ ತುಂಬ ಹುಡುಗರು, ಮೊದಲ ಬೆಂಚಿನಲ್ಲಿ ನಾವು ಮೂವರು ಹುಡುಗಿಯರು. ನಮಗೆ ಗಣಿತ ಹೇಳುತ್ತಿದ್ದವರು ದಸ್ತಗೀರ ಸರ್. ಸಪೂರ ಮೈ, ಕಪ್ಪು ಟೊಪ್ಪಿಗೆ, ಕೋಟಿನ ಎರಡೂ ಕಿಸೆಗಳಲ್ಲಿ ಖಡುವಿನ, ಅಂದರೆ ಸೀಮೆಸುಣ್ಣದ, ಚೂರು. ಸೈಕಲ್ಲಿನ ಮೇಲೆ ಬರುವಾಗ ಅವರ ಹಿಂದೆ ತೆಳ್ಳಗೆ ಬಿಳಿ ಧೂಳು ಏಳುತ್ತಿತ್ತು ಎಂದು ಹುಡುಗರು ನಗುತ್ತಿದ್ದರು. ಪುಸ್ತಕದ ದೊಡ್ಡ ದೊಡ್ಡ ಪ್ರಮೇಯಗಳನ್ನು ಸರ್ ಗಡಿಬಿಡಿಯಲ್ಲಿ ಮುಗಿಸುತ್ತಿದ್ದರು. ಎರಡು ಸಾಲಿನಲ್ಲಿ ಹೇಳಿ ಮುಗಿಯುವಂಥ ಸಣ್ಣ ಮಾತು ಬಂದರೆ ಮಾತ್ರ ಖಡು ಕೆಳಗಿಟ್ಟು ಮೇಜಿನ ಮೇಲೆ ಕೂತುಬಿಡುತ್ತಿದ್ದರು.

ಕೊನೆಯ ವರ್ಷದ ಬೀಳ್ಕೊಡುಗೆಯ ದಿನ ಹುಡುಗರೆಲ್ಲ ಒಬ್ಬರಿಗೊಬ್ಬರು ಕೈಕುಲುಕಿ ಗದ್ದಲವೆಬ್ಬಿಸಿದ್ದರು. ಸರ್ ಚಹಾ ಕುಡಿಯುತ್ತ ಹೇಳಿದರು. "ನೋಡ್ರೋ, ನಾ ಕಣ್ಣು ಮುಚಿಗೊಂಡು ಕುಂತಿದ್ದೆ. ಯಾರ ಕೈ ಯಾರು ಹಿಡದ್ರಿ ನಂಗ ಗೊತ್ತಿಲ್ಲ. ಆದ್ರ ಒಂದು ಖಾತ್ರಿ ಹೇಳ್ತೇನಿ. ಒಬ್ಬೊಬ್ರು ಎಷ್ಟು ಸಲ ಕೈ ಕುಲುಕೀರಿ ಅಂತ ಎಲ್ಲಾರದೂ ಕೂಡಿಸಿದ್ರ ಸರಿಸಂಖ್ಯಾನ ಬರಬೇಕು. ಬೆಸ ಬರಾಕ ಸಾಧ್ಯ ಇಲ್ಲ. ಯಾಕ?"

ಎಲ್ಲರ ಗಮನ ಖಾರದ ಅವಲಕ್ಕಿಯ ಮೇಲಿತ್ತು.

"ಒಬ್ಬನ ಕೈಲೆ ಕೈಕುಲುಕಾಕ ಬರೂದಿಲ್ಲ. ಒಂದು ಸಲ ಕುಲುಕಿದ್ರ ಎರಡು ಮಂದಿ ಲೆಕ್ಕದಾಗ ಒಂದೊಂದು ಏರತೈತಿ. ಅಷ್ಟ."

ಹಿಂದಿನ ಬೆಂಚಿನ ಒಬ್ಬ ಎದ್ದು, "ಸರ್, ಮುಂದಿನ ಬೆಂಚಿನವರು ಯಾರ ಕೈನೂ ಹಿಡದಿಲ್ಲರಿ" ಎಂದ. ಎಲ್ಲರೂ ನಕ್ಕರು. ನಾವು ಮೂವರು ತಲೆ ತಗ್ಗಿಸಿದೆವು.

"ಸೊನ್ನೀನೂ ಸರೀನ, ಲೇ," ಎಂದರು ಸರ್. ನಮ್ಮ ಪರವಾಗಿ ಅಷ್ಟು ಗಟ್ಟಿಯಾಗಿ ಅಲ್ಲಿಯವರೆಗೆ ಯಾರೂ ಮಾತಾಡಿರಲಿಲ್ಲ.

ಅಂದು ಮನೆಗೆ ಹೋಗುವ ಮುಂಚೆ ಅವರು ಇನ್ನೂ ಎರಡು ಮಾತು ಸೇರಿಸಿದ್ದರು. ರಂಗೋಲಿಯ ಚುಕ್ಕೆಗಳನ್ನು ಗೆರೆಯಿಂದ ಜೋಡಿಸಿದಾಗ, ಬೆಸಸಂಖ್ಯೆಯ ಗೆರೆಗಳು ಬಂದು ಸೇರುವ ಚುಕ್ಕೆಗಳು ಯಾವತ್ತೂ ಜೋಡಿಯಾಗಿಯೇ ಇರುತ್ತವೆ. ಅಂಥ ಒಂಟಿ ಚುಕ್ಕೆ ಒಂದೇ ಒಂದು ಎಂದೂ ಇರಲಾರದು. ಊರಿನ ಓಣಿಗಳ ನಕ್ಷೆ ಬರೆದರೂ ಅಷ್ಟೇ. ಮೂರು ದಾರಿ, ಐದು ದಾರಿ ಕೂಡುವ ಜಾಗಗಳನ್ನೂ ಮುಂದೆ ದಾರಿಯಿಲ್ಲದ ಓಣಿಯ ಕೊನೆಗಳನ್ನೂ ಒಟ್ಟಿಗೆ ಎಣಿಸಿ ನೋಡಿ ಎಂದರು. ಗೆರೆಗೆ ಎರಡು ತುದಿ, ದಾರಿಗೆ ಎರಡು ತುದಿ, ಕೈಕುಲುಕಿಗೆ ಎರಡು ಕೈ. ಎಲ್ಲ ಒಂದೇ ಮಾತು. ಮರುದಿನ ಬೆಳಗ್ಗೆ ನಾನು ಅವ್ವನ ರಂಗೋಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೆರಳಿಟ್ಟು ಎಣಿಸುತ್ತಿದ್ದೆ. ಅವ್ವ ಸಗಣಿಯ ಬುಟ್ಟಿ ಹಿಡಿದು ನಿಂತು, "ಪರೀಕ್ಷೆ ಮುಗದ್ರೂ ನಿನ್ನ ಹುಚ್ಚ ಬಿಡಲಿಲ್ಲಲ್ಲ ಬೇ. ಕಾಲ ತಗಿ, ಎಳಿ ಅಳಸ್ತಿ" ಎಂದಳು. ಎಣಿಸಿ ಮುಗಿಸಿದೆ. ಬೆಸಚುಕ್ಕೆಗಳು ಸರಿಸಂಖ್ಯೆಯಲ್ಲೇ ಇದ್ದವು. ಖುಷಿಯಾಯಿತು. ಇದನ್ನು ತೆಗೆದುಕೊಂಡು ಬದುಕಿನಲ್ಲಿ ಏನು ಮಾಡಬೇಕು ಎಂಬುದು ಮಾತ್ರ ತಿಳಿಯಲಿಲ್ಲ.

ಪಾಸಾದ ಮೇಲೆ ಒಂದು ವರ್ಷ ಕೆಲಸವಿಲ್ಲದೆ ಕೂತೆ. ಆಗ ಕುಸುಮಾಬಾಯಿ ಮೇಡಂ ಕರೆಸಿದರು. ಧಾರವಾಡದ ಕಡೆಯಿಂದ ಬಂದು ಬಿಜಾಪುರದಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಅವರು ಒಂದು ಪ್ರಬಂಧ ಬರೆಯುತ್ತಿದ್ದರು. ವಿಷಯ: ಹಳ್ಳಿಯ ಹೆಂಗಸರ ಮುಯ್ಯಾ. ನಿಮ್ಮ ಕಡೆ ಅದಕ್ಕೆ ಏನನ್ನುತ್ತಾರೋ ಗೊತ್ತಿಲ್ಲ. ಇಂದು ನಾನು ನಿನ್ನ ಹೊಲದಲ್ಲಿ ಕಸ ತೆಗೆಯಲು ಬರುತ್ತೇನೆ, ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ನಿನ್ನ ಮನೆಯ ಹಳೆ ಸೀರೆಗಳ ಕೌದಿ ಹೊಲಿಯಲು ನಾನು, ನನ್ನ ಮನೆಯ ಶಾವಿಗೆ ಹೊಸೆಯಲು ನೀನು. ಕೂಲಿಯಿಲ್ಲ, ಬರಹವಿಲ್ಲ. ಒಬ್ಬಳೇ ಮಾಡುವ ಮುಯ್ಯಾ ಎಂಬುದು ಇರುವುದಿಲ್ಲ. ಯಾವ ಓಣಿಯಲ್ಲಿ ಯಾರಿಗೆ ಎಷ್ಟು ಜನರ ಜೊತೆ ಮುಯ್ಯಾ ಇದೆ ಎಂದು ಮೇಡಂಗೆ ಗೊತ್ತಾಗಬೇಕಿತ್ತು. "ನಿನಗ ಕೂಡಸಲಿಕ್ಕೆ ಬರ್ತದ, ಹೌದಲ್ಲೊ?" ಎಂದು ನನ್ನನ್ನು ಕೇಳಿದರು. ಬರುತ್ತದೆ ಎಂದೆ. ಕೆಲಸ ಸಿಕ್ಕಿತು.

ಮೊದಲು ತೊರವಿ ದಾಟಿ ಟಿಕೋಟಾಕ್ಕೆ ಹೋದೆವು. ಮೊದಲ ದಿನವೇ ಒಂದು ಪಾಠವಾಯಿತು. ನಾನು ಕಾಗದ ಬಿಚ್ಚಿ, "ಯಾರ್ಯಾರ ಜೋಡಿ ಮುಯ್ಯಾ ಐತಿ, ಹೆಸರು ಹೇಳ್ರಿ" ಎಂದರೆ ಹೆಂಗಸರು ಬಾಯಿ ಮುಚ್ಚಿಬಿಟ್ಟರು. ಹೆಸರು ಬಿಟ್ಟುಹೋದವಳು ನಾಳೆ ಬಾವಿಕಟ್ಟೆಯಲ್ಲಿ ಕೇಳುತ್ತಾಳೆ. ಹೆಸರು ಹೇಳಿದರೆ ಗಂಡ ಕೇಳುತ್ತಾನೆ. ಕೊನೆಗೆ ಮೇಡಂ ಒಂದು ನಿಯಮ ಮಾಡಿದರು. ಹೇಳುವವಳ ಹೆಸರಿನ ಮುಂದೆ ಇನ್ನೊಬ್ಬರ ಹೆಸರು ಬೇಡ. ಈ ಓಣಿಯೊಳಗೆ ಎಷ್ಟು ಹೆಂಗಸರ ಜೊತೆ ಎಂದು ಬರಿಯ ಎಣಿಕೆ ಹೇಳಿದರೆ ಸಾಕು. ಅದು ನಡೆಯಿತು. "ನಾಕು." "ಆರು." "ಬರಕೋ ಬೇ, ಒಂಬತ್ತು. ನಾ ಯಾರಿಗೂ ಇಲ್ಲ ಅನ್ನಾಕಿ ಅಲ್ಲ."

ಟಿಕೋಟಾದ ಓಣಿ ಮುಗಿಸಿ ಬಬಲೇಶ್ವರದ ಕಡೆ ಬಂದೆವು. ಬಬಲೇಶ್ವರದಲ್ಲಿ ಬಸ್ಸಿಳಿದು ಜೋಳದ ಹೊಲಗಳ ನಡುವೆ ಅರ್ಧ ಗಂಟೆ ನಡೆದರೆ ಸಿಗುವ ಒಂದು ಊರು. ಹೆಸರು ಹೇಳುವುದು ಬೇಡ. ಆ ಮನೆಗಳಲ್ಲಿ ಇಂದಿಗೂ ಜನ ಇದ್ದಾರೆ. ಮೇಡಂ ಛತ್ರಿ ಹಿಡಿದು ಮುಂದೆ. ನಾಯಿಗೆ ಹೆದರುವ ನಾನು ಆ ಛತ್ರಿಯ ಮರೆಯಲ್ಲಿ ಹಿಂದೆ. ಒಂದೇ ಓಣಿ, ಎರಡು ಕಡೆ ಮಣ್ಣಿನ ಮನೆಗಳು. ಮೂರು ದಿನದಲ್ಲಿ ಎಲ್ಲರ ಎಣಿಕೆ ಬರೆದುಕೊಂಡು ವಾಪಸು ಬಂದೆವು.

ಮೇಡಂ ಮನೆಯ ಪಡಸಾಲೆಯಲ್ಲಿ ಕೂತು ಕೂಡಿಸಿದೆ. ಮೊತ್ತದ ಕೊನೆಯ ಅಂಕಿ ಏಳು.

ಮತ್ತೆ ಕೂಡಿಸಿದೆ, ಕೆಳಗಿನಿಂದ ಮೇಲಕ್ಕೆ. ಏಳು. ಮೂರನೆಯ ಸಲ ಕಣ್ಣು ಮುಚ್ಚಿ ತೆರೆದು ನಿಧಾನವಾಗಿ ಕೂಡಿಸಿದೆ. ಏಳೇ. ಇದು ಸಾಧ್ಯವಿರಲಿಲ್ಲ. ಯಾಕೆಂದರೆ ಮುಯ್ಯಾಕ್ಕೂ ಎರಡು ತುದಿ. ಒಬ್ಬಳ ಎಣಿಕೆಯಲ್ಲಿ ಇನ್ನೊಬ್ಬಳು ಇದ್ದರೆ ಆ ಇನ್ನೊಬ್ಬಳ ಎಣಿಕೆಯಲ್ಲಿ ಮೊದಲಿನವಳು ಇರಲೇಬೇಕು. ಮೊತ್ತ ಬೆಸ ಬರುವಂತಿಲ್ಲ.

"ಮೇಡಂ, ಇದು ತಪ್ಪೈತ್ರಿ," ಎಂದೆ.

"ಮತ್ತ ಕೂಡಸು."

"ಕೂಡಸೇನ್ರಿ. ಕೂಡಿಸಿದ್ದು ತಪ್ಪಿಲ್ರಿ. ಓಣ್ಯಾಗ ಏನೋ ತಪ್ಪೈತಿ."

ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಕೈಕುಲುಕಿನ ಕಥೆ ಹೇಳಿದೆ. ಅವರಿಗೆ ಅದು ರುಚಿಸಲಿಲ್ಲ. "ಸುಮಿತ್ರಾ, ಇಷ್ಟು ಮಂದಿಯೊಳಗ ಒಂದು ಹೆಚ್ಚುಕಡಿಮಿ ಆದ್ರ ಏನಾಗ್ತದವಾ? ಯಾರೋ ಮರತಿರ್ತಾರ. ಸಮಾಜ ಅಂದ್ರ ನಿನ್ನ ಪಾಟಿ ಮ್ಯಾಲಿನ ಲೆಕ್ಕ ಅಲ್ಲ. ಒಂದು ತಗದು ಸರಿ ಮಾಡಿಬಿಡು."

ಒಂದನ್ನು ತೆಗೆಯುವುದು ಸುಲಭವಿತ್ತು. ಪೆನ್ನಿನ ತುದಿ ಒಂದಿಷ್ಟು ಆಡಿಸಿದರೆ ಏಳು ಆರಾಗುತ್ತಿತ್ತು. ಆದರೆ ಯಾರದರಿಂದ ತೆಗೆಯಲಿ? ಕಾಗದದ ಮೇಲಿನ ಪ್ರತಿ ಅಂಕಿಯ ಹಿಂದೆಯೂ ಒಬ್ಬಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಬೆರಳು ಮಡಚಿ ಎಣಿಸಿದ್ದು ನನಗೆ ಕಾಣುತ್ತಿತ್ತು. ಕೆಲಸ ಹೋದರೆ ಹೋಗಲಿ ಎನ್ನುವಷ್ಟು ಧೈರ್ಯ ನನಗಿರಲಿಲ್ಲ, ಕೆಲಸ ಬೇಕಾಗಿತ್ತು. ಹಾಗಾಗಿ ಅಂದು ಮೇಡಂಗೆ "ಆಯ್ತ್ರಿ" ಎಂದು, ಅಂಕಿ ತಿದ್ದದೆ, ಕಾಗದವನ್ನು ಚೀಲದಲ್ಲಿಟ್ಟುಕೊಂಡು ನೇರ ದಸ್ತಗೀರ ಸರ್ ಮನೆಗೆ ನಡೆದೆ. ನನ್ನ ಶೌರ್ಯ ಆ ಮಟ್ಟದ್ದು.

ಸರ್ ಅಂಗಳದಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಎಣ್ಣೆಯ ಕೈಯಲ್ಲೇ ಕಾಗದ ಕಸಿದುಕೊಂಡರು.

"ಬೆಸ ಬಂತಽ? ಖರೇನಽ?" ಅವರ ಮುಖ ನೋಡಿದರೆ ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಬಂದಂತಿತ್ತು. "ತಂಗೀ, ಇಷ್ಟು ವರ್ಷ ಕಲಿಸೇನಿ. ಪರೀಕ್ಷಾಕ ಎಷ್ಟು ಮಾರ್ಕಿಗೆ ಬರತೈತ್ರಿ ಅಂತ ಕೇಳ್ಯಾರ. ಇದನ್ನ ಹೊಲದಾಗ ಒಯ್ದು ನೋಡಿದಾಕಿ ನೀ ಒಬ್ಬಾಕಿನ."

"ಹಂಗಾರ ಯಾರೋ ಮರತಾರೇನ್ರಿ ಸರ್?"

"ಮರತಿರಬಹುದು. ಸುಳ್ಳು ಹೇಳಿರಬಹುದು. ಇಲ್ಲಾಂದ್ರ..." ಅವರು ಕಾಗದವನ್ನು ಬೆಳಕಿಗೆ ಹಿಡಿದರು. "ಇಲ್ಲಾಂದ್ರ ಯಾರೋ ಒಬ್ಬಾಕಿ ನಿಮ್ಮ ಕಾಗದದಾಗಿಲ್ಲ. ಯಾವುದಂತ ಗಣಿತ ಹೇಳೂದಿಲ್ಲ. ಎಲ್ಲೋ ತಪ್ಪೈತಿ ಅಂತಷ್ಟ ಹೇಳತೈತಿ. ಹುಡುಕೂದು ನಿಮ್ಮ ಕೆಲಸ."

"ಟಿಕೋಟಾದ್ದು ಸರಿ ಬಂದಿತ್ರಿ."

"ಸರಿ ಬಂತಂತ ಹಿಗ್ಗಬ್ಯಾಡ. ಎರಡು ತಪ್ಪು ಕೂಡಿದ್ರೂ ಸರೀನ ಬರತೈತಿ."

ಮರುದಿನ ಸರ್ ನನಗಿಂತ ಮೊದಲೇ ಮೇಡಂ ಮನೆಯ ಬಾಗಿಲಲ್ಲಿ ನಿಂತಿದ್ದರು. ಇಬ್ಬರೂ ಪಡಸಾಲೆಯಲ್ಲಿ ಎದುರುಬದುರು ಕೂತು ಏನು ಮಾತಾಡಿದರೋ ಪೂರ್ತಿ ಕೇಳಿಸಲಿಲ್ಲ. ನಾನು ಒಳಗೆ ಚಹಾ ಮಾಡುತ್ತಿದ್ದೆ. ಹೊರಗೆ ಬಂದಾಗ ಮೇಡಂ ಹೇಳುತ್ತಿದ್ದರು. "ಆತ್ರಿ, ಇನ್ನೊಂದು ಸಲ ಹೋಗೋಣಂತ. ಆದ್ರ ಹೆಸರು ಕೇಳೂದಿಲ್ಲ ಅಂತ ಆ ಹೆಣ್ಮಕ್ಕಳಿಗೆ ಮಾತು ಕೊಟ್ಟೇನಿ. ಅವರಽ ತಾವಾಗಿ ತೋರಿಸಿದ್ರ ಮಾತ್ರ."

ಹೆಸರು ಹೇಳದೆ ತೋರಿಸುವುದು ಹೇಗೆ? ಉಪಾಯ ಹೊಳೆದದ್ದು ಅವ್ವನ ಕೌದಿ ಬುಟ್ಟಿಯನ್ನು ನೋಡಿದಾಗ. ದಾರ. ಇಬ್ಬರ ನಡುವೆ ಮುಯ್ಯಾ ಇದ್ದರೆ ಒಂದು ದಾರ, ಇಬ್ಬರ ಕೈಯಲ್ಲಿ ಒಂದೊಂದು ತುದಿ.

ಬಬಲೇಶ್ವರದ ಬಸ್ಸಿನಲ್ಲಿ ಆ ದಿನ ನಾವು ಮೂವರು, ಎರಡು ಆಡು, ಮತ್ತು ಮೇಲೆ ಕಟ್ಟಿದ ಸರ್ ಸೈಕಲ್ಲು. ಬಸ್ಸಿಳಿದ ಮೇಲೆ ಆ ಸೈಕಲ್ಲನ್ನು ಅವರು ಹತ್ತಲಿಲ್ಲ, ನಮ್ಮ ಜೊತೆ ನೂಕಿಕೊಂಡೇ ನಡೆದರು. ಊರಲ್ಲಿ ಹೆಂಗಸರ ಸಭೆಗೆ ಗಂಡಸು ಬರುವುದು ಬೇಡ ಎಂದು ಓಣಿಯ ಬಾಯಲ್ಲಿದ್ದ ಬೇವಿನ ಕಟ್ಟೆಯ ಮೇಲೆ, ನಮಗೆ ಬೆನ್ನು ಮಾಡಿ ಕೂತರು. ಯಾರೋ ಅವರಿಗೊಂದು ತಂಬಿಗೆ ಮಜ್ಜಿಗೆ ಕಳಿಸಿದರು.

ಮಧ್ಯಾಹ್ನದ ಊಟ ಮುಗಿದ ಹೊತ್ತು. ಹೆಂಗಸರೆಲ್ಲ ಓಣಿಯ ನಡುವಿನ ನೆರಳಿಗೆ ಬಂದು ಸುತ್ತ ಕೂತರು. ಮೇಡಂ ಹೇಳಿದರು: "ಮನಸ್ಸಿದ್ದವರು ಮಾಡ್ರಿ, ಇಲ್ಲದವರು ಸುಮ್ಮ ಕೂಡ್ರಿ." ಮೊದಲು ಸಂಕೋಚ, ನಂತರ ನಗೆ, ಆಮೇಲೆ ಆಟ ಹತ್ತಿತು. "ಇಕಾ, ಹಿಡಿ ಬೇ." "ನನ್ನ ತುದಿ ಎಲ್ಲೈತಿ?" ಕೆಂಪು, ಹಸಿರು, ಬಿಳಿ ದಾರಗಳು ಒಬ್ಬರ ಮಡಿಲಿನಿಂದ ಒಬ್ಬರ ಮಡಿಲಿಗೆ ಹಾಯ್ದು ದೊಡ್ಡ ಜೇಡರ ಬಲೆಯಂತಾಯಿತು. ಕೋಳಿಯೊಂದು ನಡುವೆ ನುಗ್ಗಿ ಸಿಕ್ಕಿಕೊಂಡು ಇನ್ನಷ್ಟು ಗದ್ದಲವಾಯಿತು.

ತಪ್ಪುಗಳು ಒಂದೊಂದಾಗಿ ಹೊರಬಿದ್ದವು. ಓಣಿಯ ಹಿರಿಯಳು ರುದ್ರವ್ವ ಆಯಿ ಎಂಟು ಎಂದು ಹೇಳಿದ್ದಳು. ದಾರ ಏಳೇ ಇದ್ದವು. ತೀರಿಹೋದ ಗೆಳತಿಯೊಬ್ಬಳನ್ನು ಆಯಿ ಇನ್ನೂ ಎಣಿಸುತ್ತಿದ್ದಳು. "ಹೋಗ್ಯಾಳ ಖರೆ. ಆದ್ರ ಆಕಿದೊಂದು ದಿನದ ಮುಯ್ಯಾ ನನ್ನ ಮ್ಯಾಲ ಉಳದೈತಿ" ಎಂದಳು. ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಹುಡುಗಿ ನಾಚಿಕೆಯಿಂದ ಒಬ್ಬರನ್ನು ಬಿಟ್ಟು ಹೇಳಿದ್ದಳು. ಅವಳ ಒಂದು ಕಡಿಮೆ, ಆಯಿಯ ಒಂದು ಹೆಚ್ಚು, ಎರಡೂ ಹೊಡೆದುಹೋದವು. ಅಂದರೆ ಏಳು ಇನ್ನೂ ಏಳಾಗಿಯೇ ಇತ್ತು.

ಕೊನೆಗೆ ಉಳಿದದ್ದು ಗಂಗವ್ವ. ನಡುವಯಸ್ಸಿನ ಗಟ್ಟಿ ಹೆಂಗಸು. ಅವಳ ಕೈಯಲ್ಲಿ ಒಂದು ಕೆಂಪು ದಾರ ಹೆಚ್ಚಾಗಿತ್ತು. ಅದರ ಇನ್ನೊಂದು ತುದಿ ಉಂಡೆಯ ಸಮೇತ ಮಣ್ಣಿನ ಮೇಲೆ ಬಿದ್ದಿತ್ತು.

"ಇದು ಯಾರ ಜೋಡಿ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. ಮೇಡಂ ನನ್ನತ್ತ ಕಣ್ಣು ಬಿಟ್ಟರು.

ಹೆಂಗಸರು ನೆಲ ನೋಡಿದರು. ಎದುರಿಗೆ ಕೂತಿದ್ದ ಒಬ್ಬಳು ಮಾತ್ರ ಸಟ್ಟನೆ, "ಗಂಗವ್ವಾ, ಸುಮ್ನಿರು. ಅದು ಈ ಓಣೀದಲ್ಲ" ಎಂದಳು.

"ಈ ಓಣ್ಯಾಗ ಉಸುರಾಡಾಕತ್ತಾಕಿ ಈ ಓಣಿಯಾಕಿ ಅಲ್ಲೇನ?" ಎಂದಳು ಗಂಗವ್ವ.

"ಆಕಿ ಟಿಕೋಟಾದಾಕಿ. ಇವತ್ತಿಲ್ಲ ನಾಳಿ ಗಂಡನ ಮನಿಗೆ ಹೋಗಾಕಿ."

"ಎಷ್ಟು ವರ್ಷದ ನಾಳಿ ಅದು?"

ರುದ್ರವ್ವ ಆಯಿ ಇಬ್ಬರನ್ನೂ ನೋಡಿ ಮೆಲ್ಲಗೆ ಹೇಳಿದಳು. "ಏಳ ಗಂಗವ್ವಾ. ಕೊಟ್ಟು ಬಾ."

ಗಂಗವ್ವ ಎದ್ದಳು. ದಾರದ ಉಂಡೆಯನ್ನೇ ಎತ್ತಿಕೊಂಡು, ತನ್ನ ತುದಿಯನ್ನು ನನ್ನ ಕೈಗೆ ಕೊಟ್ಟು, ಉಂಡೆ ಬಿಚ್ಚುತ್ತ ನಡೆದಳು. ಮನೆಗಳ ಸಂದಿಯಿಂದ ಹಿತ್ತಲಿಗೆ, ಬಣವೆಯ ಪಕ್ಕಕ್ಕೆ, ದನದ ಕೊಟ್ಟಿಗೆಯ ಹಿಂದಕ್ಕೆ. ಅವಳು ಕಾಣದಾದಳು. ದಾರ ಮಾತ್ರ ನನ್ನ ಬೆರಳುಗಳಿಂದ ಮಣ್ಣಿನ ಮೇಲೆ ಹಾದು ಅಲುಗುತ್ತಿತ್ತು. ಆಮೇಲೆ ನಿಂತಿತು. ಸ್ವಲ್ಪ ಹೊತ್ತಿಗೆ ಮೇಲೆದ್ದು ಬಿಗಿಯಾಯಿತು. ಆ ಕಡೆ ಯಾರೋ ಹಿಡಿದಿದ್ದರು.

ನಾನೂ ಮೇಡಂ ಆ ದಾರದ ಗುಂಟ ಹೋದೆವು. ಕೊಟ್ಟಿಗೆಗೆ ಒರಗಿಸಿ ಕಟ್ಟಿದ ಒಂದು ಚಪ್ಪರ. ಒಳಗೆ ಒಲೆ, ಎರಡು ಗಡಿಗೆ, ಕಟ್ಟಿದ ಆಡು, ಅರ್ಧ ಹೊಲಿದ ಕೌದಿ. ಕೌದಿಯ ಮೇಲೆ ಕೂತ ಹೆಂಗಸು ಕೈಯಲ್ಲಿ ದಾರ ಹಿಡಿದು ನಮ್ಮನ್ನು ನೋಡುತ್ತಿದ್ದಳು. ಹೆಸರು ಕಾಶವ್ವ. ಓಣಿಯಲ್ಲಿ "ಸುಮ್ನಿರು" ಎಂದವಳ ನಾದಿನಿ. ಟಿಕೋಟಾಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ. ಇವಳು ತವರಿಗೆ ಬಂದಳು. ಅಣ್ಣನ ಮಗಳಿಗೆ ಗಂಡು ನೋಡುವ ಸಮಯ. ಗಂಡ ಬಿಟ್ಟು ಬಂದವಳು ಮನೆಯಲ್ಲಿದ್ದಾಳೆಂದು ಜನ ಆಡಿಕೊಳ್ಳಬಾರದೆಂದು ಕೊಟ್ಟಿಗೆಯ ಹಿಂದೆ ಇರಿಸಿದ್ದರು. ಗಂಗವ್ವನ ಹೊಲದ ಕಸ ಇವಳು ತೆಗೆಯುವುದು, ಇವಳ ಆಡಿಗೆ ಗಂಗವ್ವ ಮೇವು ತರುವುದು. ಅದೇ ಅವಳ ಒಂದೇ ಒಂದು ಮುಯ್ಯಾ.

"ಮೊನ್ನೆ ನಾವು ಬಂದಾಗ ನೀವು ಇರಲಿಲ್ಲೇನ್ರಿ?" ಎಂದು ಕೇಳಿದೆ.

"ಇದ್ನೆಲ್ಲಾ. ನಿಮ್ಮ ಛತ್ರಿ ನೋಡೇನಿ." ಅವಳಿಗೆ ನಗು ಬಂತು, ನಮಗಲ್ಲ. "ಟಿಕೋಟಾದಾಗ ಕೇಳಿದ್ರ ತವರಿಗೆ ಹೋಗ್ಯಾಳ ಅಂತಾರ್ರಿ. ಇಲ್ಲಿ ಕೇಳಿದ್ರ ಗಂಡನ ಮನ್ಯಾಗ ಅದಾಳ ಅಂತಾರ. ಹಂಗಾರ ನಾ ಎಲ್ಲದೇನ್ರಿ? ನಡುವ ತೊರವಿ ಹಾದ್ಯಾಗ ಬಸ್ಸ ಕಾಯಾಕತ್ತೇನೇನು?"

ಒಂದು ಹೆಚ್ಚುಕಡಿಮೆಯಾದರೆ ಏನಾಗುತ್ತದೆ ಎಂದಿದ್ದ ಮೇಡಂ ಇಸ್ತ್ರಿ ಸೀರೆಯಲ್ಲೇ ಅವಳೆದುರು ನೆಲಕ್ಕೆ ಕೂತರು. "ನಿಮ್ಮ ಪೂರ್ತಿ ಹೆಸರು ಹೇಳ್ರೆವಾ, ನಾನಽ ಬರೀತೀನಿ" ಎಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಬರೆದ ಮೇಲೆ ಕಾಶವ್ವ, "ಎಲ್ಲೈತಿ ತೋರಸ್ರಿ" ಎಂದಳು. ಓದಲು ಬರದ ಅವಳು ಆ ಅಕ್ಷರಗಳ ಮೇಲೆ ಬೆರಳಿಟ್ಟು, ಮೇಲಿನ ಸಾಲು ಯಾರದು, ಕೆಳಗಿನದು ಯಾರದು ಎಂದು ಕೇಳಿದಳು. ಮೇಲೆ ಗಂಗವ್ವ ಎಂದರು ಮೇಡಂ. ಕೆಳಗೆ ಇನ್ನೂ ಯಾರೂ ಇರಲಿಲ್ಲ.

ಹೊರಗೆ ಬಂದಾಗ ಸರ್ ಕಟ್ಟೆಯ ಮೇಲಿಂದಲೇ, ತಿರುಗಿ ನೋಡದೆ ಕೂಗಿದರು. "ತಂಗೀ, ಸಿಕ್ತೇನು?"

"ಸಿಕ್ಕಾರ್ರಿ ಸರ್."

ಅವರು ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡು ಮತ್ತೆ ಹಾಕಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂ, "ದಸ್ತಗೀರ ಸರ್, ನಿಮ್ಮ ಹತ್ರ ಇಂಥಾವು ಸಣ್ಣ ಮಾತು ಇನ್ನೂ ಎಷ್ಟವ?" ಎಂದು ಕೇಳಿದರು. ಸರ್ ನಾಚಿದರು. ನಿಡೋಣಿಯ ಸಂತೆಗೆ ಬರುವವರನ್ನೆಲ್ಲ ಎಣಿಸದೆ ಅಂದಾಜು ಮಾಡುವುದು ಹೇಗೆ ಎಂದು ಶುರು ಮಾಡಿ ಬಿಜಾಪುರ ಬರುವವರೆಗೂ ಮುಗಿಸಲಿಲ್ಲ.

ಆಮೇಲೆ ಮೇಡಂ ಟಿಕೋಟಾಕ್ಕೂ ದಾರ ತೆಗೆದುಕೊಂಡು ಹೋದರು. ಮೊತ್ತ ಸರಿ ಬಂದಿದ್ದ ಓಣಿ ಅದು. ಸರ್ ಹೇಳಿದ್ದು ನಿಜವಾಯಿತು: ಅಲ್ಲಿ ಎರಡು ದಾರಗಳ ತುದಿ ಹಿಡಿಯುವವರಿಲ್ಲದೆ ಬಿದ್ದವು, ಇಬ್ಬರು ಸಿಕ್ಕರು. ಒಬ್ಬಳು ಕಣ್ಣು ಕಾಣದ ಮುದುಕಿ. ಪಕ್ಕದ ಮನೆಯವಳ ಹತ್ತಿ ಹಿಂಜಿ ಕೊಡುತ್ತಿದ್ದವಳು. "ಆಕೀನ ಏನ ಎಣಸ್ತೀರಿ" ಎಂದು ಮನೆಯವರು ಬಿಟ್ಟಿದ್ದರಂತೆ. ಮೇಡಂ ತಮ್ಮ ಪ್ರಬಂಧದ ಅರ್ಧವನ್ನು ಹರಿದು ಹೊಸದಾಗಿ ಬರೆದರು. ನನಗೆ ಇನ್ನೊಂದು ವರ್ಷ ಕೆಲಸ ಮುಂದುವರಿಯಿತು.

ಮರುವರ್ಷ ಅದೇ ಓಣಿಗೆ ಮತ್ತೆ ಹೋದೆ. ಈ ಸಲ ಒಬ್ಬಳೇ, ಛತ್ರಿಯೂ ಇಲ್ಲದೆ. ನಾಯಿಗಳು ಬೊಗಳಿದವು, ನಾನು ಓಡಲಿಲ್ಲ, ಜೋರಾಗಿ ನಡೆದೆ ಅಷ್ಟೆ. ಹೆಸರು ಬೇಡ, ಎಣಿಕೆ ಸಾಕು ಎಂಬ ಹಳೆಯ ನಿಯಮಕ್ಕೇ ಮೇಡಂ ಮರಳಿದ್ದರು. ಕಾಶವ್ವ ಅದೇ ಚಪ್ಪರದಲ್ಲಿದ್ದಳು, ಆದರೆ ಬಾಗಿಲ ಮುಂದೆ ನಾಲ್ಕು ಮನೆಯ ಹಳೆಯ ಸೀರೆಗಳು ರಾಶಿ ಬಿದ್ದಿದ್ದವು. ಅವಳ ಹೊಲಿಗೆ ಸಣ್ಣ, ಗೆರೆ ನೇರ. ಓಣಿಯವರಿಗೆ ಅದು ಮೊದಲೂ ಗೊತ್ತಿತ್ತು, ಹೇಳುವಂತಿರಲಿಲ್ಲ. ನಾನು ಕೇಳಿದೆ. ಅವಳು ಹೆಬ್ಬೆರಳಿನಿಂದ ಬೆರಳು ಒಂದೊಂದನ್ನೇ ಮುಟ್ಟುತ್ತ ಹೋಗಿ, ಕೊನೆಯದರ ಹತ್ತಿರ ಒಂದಿಷ್ಟು ತಡೆದು, "ಐದು ಬರಕೋರಿ" ಎಂದಳು.

ಆಮೇಲೆ ಅವಳ ಅತ್ತಿಗೆಯ ಮನೆ. ಒಳಗೆ ಹೋಗಲು ಕಾಲು ಬರಲಿಲ್ಲ. ಹೋದ ವರ್ಷ ಆ ದಾರದ ಗುಂಟ ಹೋಗಿ ಬಂದ ಮೇಲೆ ಅವಳು ನನ್ನ ಮುಖ ನೋಡಿರಲಿಲ್ಲ. ಮಗಳ ಮದುವೆ ಆಗಿತ್ತು. ನಮ್ಮ ದಾರದಿಂದಾಗಿ ನಿಂತಿರಲಿಲ್ಲ, ಅದು ದೊಡ್ಡ ಸಮಾಧಾನ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಪ್ರಶ್ನೆ ಕೇಳಿದೆ.

"ಹ್ವಾದ ವರ್ಷ ಎಷ್ಟ ಹೇಳಿದ್ದೆ?" ಎಂದಳು, ತಲೆಯೆತ್ತದೆ.

ಕಾಗದ ನೋಡಿದೆ. "ಆರು ಅಂದಿದ್ರಿ."

ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ಒರೆಸಿದಳು. ಅದು ಉಬ್ಬಿದ ಮೇಲೆ ತಿರುವಿ ಹಾಕಿದಳು.

"ಏಳು ಬರಕೋ."

ಬರೆದುಕೊಂಡೆ. ಏಳನೆಯವಳು ಯಾರೆಂದು ಕೇಳುವ ಹಕ್ಕು ನನಗಿರಲಿಲ್ಲ. ಕಾಗದ ಮಡಚಿ ಹೊರಡುವವಳಿದ್ದೆ. ಅವಳು ಗಂಗಾಳ ಎಳೆದು ಬಿಸಿ ರೊಟ್ಟಿ ಹಾಕಿದಳು, ಮೇಲೆ ಬದನೆಕಾಯಿ ಪಲ್ಯ, ಪಕ್ಕದಲ್ಲಿ ಇನ್ನೊಂದು ಗಂಗಾಳ ಇಟ್ಟು ಅದಕ್ಕೂ ರೊಟ್ಟಿ ಹಾಕಿದಳು.

"ಉಂಡು ಹೋಗ," ಎಂದಳು. "ಹಿತ್ತಲ ಬಾಗಲಾ ತಗದೈತಿ. ಹೋಗಿ ಆಕೀನೂ ಕರಕೊಂಡ ಬಾ."